ವಿದ್ಯುತ್ತಿಗೆ ಲೆಕ್ಕ ಕಟ್ಟಿದ ಉಪಾಧ್ಯಾಯ: ಜಾರ್ಜ್ ಸೈಮನ್ ಓಮ್

ಈ ಸಂಚಿಕೆಗೆ ಒಬ್ಬ ಮಹಾಪುರುಷನ ಜೀವನವೃತ್ತಾಂತವನ್ನು ಬರೆದುಕೊಡಬೇಕೆಂದು ಸಂಘದ ಮಿತ್ರರು ಕೇಳಿದಾಗ, ನಾವು ಅರಸರನ್ನೂ ಕವಿಗಳನ್ನೂ ಬದಿಗಿರಿಸಿ ಒಬ್ಬ ಶಾಲಾ ಉಪಾಧ್ಯಾಯನನ್ನು ಆರಿಸಿಕೊಂಡೆವು. ಅದಕ್ಕೆ ಕಾರಣವುಂಟು. ಹಿಂದೂಪುರದ ಮನೆಗಳಲ್ಲಿ ಸಂಜೆಯಾದೊಡನೆ ದೀಪ ಬೆಳಗುವುದು ವಿದ್ಯುತ್ತಿನಿಂದ. ಕಲ್ಯಾಣದುರ್ಗದ ಬೆಂಗಾಡಿನಲ್ಲಿ ಕೊಳವೆಬಾವಿಯ ನೀರು ಮೇಲೇರಿ ಕಡಲೆಕಾಯಿಯ ಬೆಳೆಗೆ ಮುಟ್ಟುವುದೂ ವಿದ್ಯುತ್ತಿನಿಂದ. ಈ ವಿದ್ಯುತ್ತು ತಂತಿಯಲ್ಲಿ ಯಾವ ಕಟ್ಟಳೆಗೆ ಒಳಪಟ್ಟು ಹರಿಯುತ್ತದೆಂಬುದನ್ನು ಮೊತ್ತಮೊದಲು ಅಳೆದು, ಲೆಕ್ಕಕ್ಕೆ ತಂದು, ಲೋಕದ ಮುಂದಿಟ್ಟವನು ಜರ್ಮನಿಯ ಜಾರ್ಜ್ ಸೈಮನ್ ಓಮ್. ಅವನ ಹೆಸರು ನಮ್ಮ ಮಕ್ಕಳ ಪ್ರೌಢಶಾಲೆಯ ಪುಸ್ತಕದಲ್ಲಿ ಒಂದು ಸೂತ್ರದ ತಲೆಬರಹವಾಗಿ ಬರುತ್ತದೆ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ಆ ಒಂದು ಸಾಲಿನ ಸೂತ್ರಕ್ಕಾಗಿ ಒಬ್ಬ ಮನುಷ್ಯನು ತನ್ನ ಉದ್ಯೋಗವನ್ನೂ ನೆಮ್ಮದಿಯನ್ನೂ ತೆತ್ತನೆಂಬುದು ಬಹುಮಂದಿಗೆ ತಿಳಿಯದು. ತಿಳಿಯಬೇಕೆಂಬುದೇ ಈ ಬರಹದ ಉದ್ದೇಶ.

ಓಮ್ ಹುಟ್ಟಿದ್ದು ೧೭೮೯ನೆಯ ಇಸವಿ ಮಾರ್ಚ್ ೧೬ರಂದು, ಇಂದಿನ ಬವೇರಿಯ ಪ್ರಾಂತಕ್ಕೆ ಸೇರಿದ ಎರ್ಲಾಂಗೆನ್ ಎಂಬ ಪಟ್ಟಣದಲ್ಲಿ. ತಂದೆ ಯೋಹಾನ್ ವೋಲ್ಫ್‌ಗಾಂಗ್ ಓಮ್ ಬೀಗ ಮಾಡುವ ಕಸುಬಿನವನು. ತಾಯಿ ಒಬ್ಬ ದರ್ಜಿಯ ಮಗಳು. ಏಳು ಮಂದಿ ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಮೂವರೇ. ಜಾರ್ಜನಿಗೆ ಹತ್ತು ವರ್ಷವಾಗಿದ್ದಾಗ ತಾಯಿಯೂ ತೀರಿಕೊಂಡಳು. ತಂದೆಯು ಶಾಲೆಯ ಕ್ರಮವಾದ ವಿದ್ಯೆಯನ್ನು ಪಡೆದವನಲ್ಲ. ಆದರೂ ಕಸುಬಿನ ನಡುವೆ ಬಿಡುವು ಮಾಡಿಕೊಂಡು ಗಣಿತವನ್ನೂ ಭೌತಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ತಾನಾಗಿಯೇ ಓದಿಕೊಂಡು, ಅವನ್ನು ತನ್ನ ಇಬ್ಬರು ಗಂಡುಮಕ್ಕಳಿಗೆ ಮನೆಯಲ್ಲಿ ಹೇಳಿಕೊಟ್ಟನು. ಹಿರಿಯವನು ಜಾರ್ಜ್, ಕಿರಿಯವನು ಮಾರ್ಟಿನ್. ಜಾರ್ಜನಿಗೆ ಹದಿನೈದು ತುಂಬಿದಾಗ ಎರ್ಲಾಂಗೆನ್ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕನಾದ ಲಾಂಗ್ಸ್‌ಡಾರ್ಫನು ಅವನನ್ನು ಪರೀಕ್ಷಿಸಿ ನೋಡಿ ಬೆರಗಾದನು; ಗಣಿತಜ್ಞರ ವಂಶವೆಂದು ಹೆಸರಾಗಿದ್ದ ಬರ್ನೂಲಿ ಮನೆತನದೊಡನೆ ಈ ಬೀಗದ ಕಸುಬಿನವನ ಮನೆಯನ್ನು ಹೋಲಿಸಿದನು. ಆ ಮಾತು ಸುಳ್ಳಾಗಲಿಲ್ಲ. ಮಾರ್ಟಿನ್ನನೂ ಮುಂದೆ ಬರ್ಲಿನ್ನಿನಲ್ಲಿ ಗಣಿತದ ಪ್ರಾಧ್ಯಾಪಕನಾದನು.

ಆದರೆ ಜಾರ್ಜನು ಹುಟ್ಟಿನಿಂದಲೇ ತಪಸ್ವಿಯಾಗಿದ್ದನೆಂದು ವಾಚಕರು ಭಾವಿಸಬಾರದು. ೧೮೦೫ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದ ಮೇಲೆ ಅವನು ಓದನ್ನು ಮರೆತು ನರ್ತನಕೂಟ, ಬಿಲಿಯರ್ಡ್ಸ್ ಆಟ, ಮಂಜುಗಡ್ಡೆಯ ಮೇಲಿನ ಜಾರಾಟ ಇವುಗಳಲ್ಲಿ ಕಾಲಕಳೆಯತೊಡಗಿದನು. ಬೆವರು ಸುರಿಸಿ ಮಗನನ್ನು ಓದಿಸುತ್ತಿದ್ದ ತಂದೆಗೆ ಸಿಟ್ಟು ಬಂದುದು ಸಹಜವೇ. ಮೂರು ಅವಧಿಗಳಿಗೇ ಓದು ನಿಂತಿತು. ೧೮೦೬ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಅವನನ್ನು ಸ್ವಿಟ್ಜರ್ಲೆಂಡಿನ ಒಂದು ಶಾಲೆಗೆ ಗಣಿತದ ಉಪಾಧ್ಯಾಯನನ್ನಾಗಿ ಕಳುಹಿಸಲಾಯಿತು. ಆ ಏಕಾಂತದಲ್ಲಿ ಅವನ ಬುದ್ಧಿ ನೆಟ್ಟಗಾಯಿತು. ಪಾಠ ಹೇಳುತ್ತ ತಾನೂ ಓದಿ, ೧೮೧೧ರಲ್ಲಿ ಊರಿಗೆ ಮರಳಿ ಡಾಕ್ಟರ್ ಪದವಿಯನ್ನು ಪಡೆದನು. ವಿಶ್ವವಿದ್ಯಾನಿಲಯದಲ್ಲಿ ನೆಲೆಯಾದ ಹುದ್ದೆಯೊಂದು ದೊರೆಯಬೇಕೆಂಬುದು ಅವನ ಆಸೆ. ಅದು ಕೈಗೂಡಲಿಲ್ಲ. ಹೊಟ್ಟೆಪಾಡಿಗಾಗಿ ೧೮೧೩ರಲ್ಲಿ ಬಾಂಬರ್ಗಿನ ಶಾಲೆಯೊಂದನ್ನು ಸೇರಿದನು. ಮೂರೇ ವರ್ಷಗಳಲ್ಲಿ ಆ ಶಾಲೆಯೇ ಮುಚ್ಚಿಹೋಯಿತು. ಈ ತೊಳಲಾಟದ ನಡುವೆಯೂ ರೇಖಾಗಣಿತವನ್ನು ಕುರಿತು ಒಂದು ಪುಸ್ತಕವನ್ನು ಬರೆದು ೧೮೧೭ರಲ್ಲಿ ಪ್ರಕಟಿಸಿದನು. ಅದೇ ವರ್ಷ ಕಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಉಪಾಧ್ಯಾಯನಾದನು. ಆ ಶಾಲೆಯಲ್ಲಿ ಉಪಕರಣಗಳಿಂದ ಕೂಡಿದ ಒಂದು ಪ್ರಯೋಗಶಾಲೆಯಿತ್ತು. ಓಮನ ಭಾಗ್ಯವೂ ಸಂಕಟವೂ ಅಲ್ಲಿಂದಲೇ ಆರಂಭವಾಯಿತೆನ್ನಬೇಕು.

ಆ ಕಾಲದಲ್ಲಿ ವಿದ್ಯುತ್ತು ಪಂಡಿತರಿಗೂ ಒಗಟಾಗಿದ್ದಿತು. ೧೮೦೦ರಲ್ಲಿ ಇಟಲಿಯ ವೋಲ್ಟಾ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಉತ್ಪಾದಿಸಿ ತೋರಿಸಿದ್ದನು. ೧೮೨೦ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ತಂತಿಯಲ್ಲಿ ವಿದ್ಯುತ್ತು ಹರಿದಾಗ ಬಳಿಯಿದ್ದ ಕಾಂತಸೂಜಿಯು ಓಲುವುದನ್ನು ಕಂಡುಹಿಡಿದಿದ್ದನು. ಆದರೆ ಎಷ್ಟು ಉದ್ದದ ತಂತಿಯಲ್ಲಿ ಎಷ್ಟು ಪ್ರವಾಹ ಹರಿಯುತ್ತದೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳಬಲ್ಲವರಿರಲಿಲ್ಲ. ಇಂಗ್ಲೆಂಡಿನ ಕ್ಯಾವೆಂಡಿಷ್ ಹಿಂದಿನ ಶತಮಾನದಲ್ಲಿಯೇ ಈ ದಾರಿಯಲ್ಲಿ ಬಹುದೂರ ನಡೆದಿದ್ದನಾದರೂ ತಾನು ಕಂಡುದನ್ನು ಪ್ರಕಟಿಸಲಿಲ್ಲ. ಅವನ ಬರಹಗಳನ್ನು ಮ್ಯಾಕ್ಸ್‌ವೆಲ್ ಬೆಳಕಿಗೆ ತಂದುದು ೧೮೭೯ರಲ್ಲಿ. ಅಂದಮೇಲೆ ಓಮನು ಹೊಸದಾಗಿಯೇ ದಾರಿ ಮಾಡಬೇಕಾಗಿತ್ತು.

ಅವನ ಮೊದಲ ಪ್ರಯತ್ನ ತಪ್ಪಾಯಿತು; ಇದನ್ನು ನಾವು ಮರೆಮಾಡುವುದಿಲ್ಲ. ೧೮೨೫ರಲ್ಲಿ ಅವನು ಆತುರದಿಂದ ಪ್ರಕಟಿಸಿದ ಸೂತ್ರವು ಸರಿಯಾದುದಾಗಿರಲಿಲ್ಲ. ದೋಷ ಮುಖ್ಯವಾಗಿ ವಿದ್ಯುತ್ಕೋಶದಲ್ಲಿತ್ತು. ಆಗಿನ ಕೋಶಗಳು ತಂತಿಯನ್ನು ಜೋಡಿಸಿದೊಡನೆ ಸೊರಗುತ್ತಿದ್ದವು. ಅವುಗಳ ಬಲವು ಗಳಿಗೆಗೊಂದು ಬಗೆಯಾಗಿರುತ್ತಿತ್ತು. ತಕ್ಕಡಿಯ ಬಟ್ಟೇ ಕರಗುತ್ತಿದ್ದರೆ ತೂಕ ಸರಿಯಾಗುವುದುಂಟೆ? ಆಗ ವಿಜ್ಞಾನ ಪತ್ರಿಕೆಯ ಸಂಪಾದಕನಾದ ಪೊಗೆಂಡಾರ್ಫ್ ಒಂದು ಸಲಹೆ ಕೊಟ್ಟನು. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಅವುಗಳಲ್ಲಿ ವಿದ್ಯುತ್ತು ಹರಿಯುವುದನ್ನು ಸೀಬೆಕ್ ಎಂಬವನು ೧೮೨೧ರಲ್ಲಿ ಕಂಡುಹಿಡಿದಿದ್ದನು. ಆ ಉಪಾಯವನ್ನು ಬಳಸಬಾರದೇಕೆ ಎಂಬುದೇ ಆ ಸಲಹೆ. ಓಮನು ಬಿಸ್ಮತ್ ಮತ್ತು ತಾಮ್ರಗಳ ಜೋಡಣೆಯೊಂದನ್ನು ಸಿದ್ಧಗೊಳಿಸಿ, ಅದರ ಒಂದು ಬೆಸುಗೆಯನ್ನು ಕುದಿಯುವ ನೀರಿನಿಂದಲೂ ಇನ್ನೊಂದನ್ನು ಕರಗುವ ಮಂಜುಗಡ್ಡೆಯಿಂದಲೂ ಒಂದೇ ಸ್ಥಿತಿಯಲ್ಲಿರಿಸಿದನು. ಬಟ್ಟು ಈಗ ಕರಗದಂತಾಯಿತು. ಪ್ರವಾಹವನ್ನು ಅಳೆಯಲು, ತೆಳುವಾದ ಲೋಹದ ಎಳೆಯಿಂದ ಕಾಂತಸೂಜಿಯೊಂದನ್ನು ತೂಗುಬಿಟ್ಟು, ಓಲಿದ ಸೂಜಿಯನ್ನು ಮೊದಲಿನ ನೆಲೆಗೆ ತರಲು ಎಳೆಯನ್ನು ಎಷ್ಟು ತಿರುಚಬೇಕಾಯಿತೆಂಬುದನ್ನು ಎಣಿಸಿದನು. ತಂದೆಯ ಅಂಗಡಿಯಲ್ಲಿ ಕೈಗೆ ಬಂದ ಲೋಹಗೆಲಸದ ಹದ ಇಲ್ಲಿ ಸಾರ್ಥಕವಾಯಿತು.

೧೮೨೬ರ ಜನವರಿಯಲ್ಲಿ ಅವನು ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ನೋಡಿದನು. ಅವುಗಳ ಉದ್ದ ಕ್ರಮವಾಗಿ ೨, ೪, ೬, ೧೦, ೧೮, ೩೪, ೬೬ ಮತ್ತು ೧೩೦ ಅಂಗುಲ. ಒಂದು ದಿನದ ಅಳತೆಯಲ್ಲಿ ೨ ಅಂಗುಲದ ತಂತಿಗೆ ಸುಮಾರು ೩೨೭ ಭಾಗಗಳ ತಿರುಚು ಬೇಕಾಯಿತು. ೩೪ ಅಂಗುಲದ್ದಕ್ಕೆ ೧೩೪ವರೆ. ೧೩೦ ಅಂಗುಲದ್ದಕ್ಕೆ ೪೮ವರೆ. ಉದ್ದವು ೬೫ ಪಟ್ಟು ಹೆಚ್ಚಿದರೂ ಪ್ರವಾಹವು ೬೫ನೆಯ ಒಂದು ಪಾಲಿಗೆ ಇಳಿಯಲಿಲ್ಲವೇಕೆ? ಇಲ್ಲಿಯೇ ಓಮನ ಸೂಕ್ಷ್ಮಬುದ್ಧಿ ಕಾಣುತ್ತದೆ. ಹೊರಗಿನ ತಂತಿ ಮಾತ್ರವಲ್ಲ, ವಿದ್ಯುತ್ತನ್ನು ಹುಟ್ಟಿಸುವ ಉಪಕರಣವೂ ತನ್ನ ಪಾಲಿನ ಅಡ್ಡಿಯನ್ನು ಒಡ್ಡುತ್ತದೆ. ಆ ಅಡ್ಡಿಯು ೨೦ ಕಾಲು ಅಂಗುಲದ ತಂತಿಗೆ ಸಮನೆಂದು ಅವನು ಕಂಡುಕೊಂಡನು. ವಾಚಕರು ತಾವೇ ಪರೀಕ್ಷಿಸಬಹುದು. ಪ್ರತಿ ಉದ್ದಕ್ಕೂ ೨೦ ಕಾಲನ್ನು ಕೂಡಿಸಿದರೆ ಚಿಕ್ಕ ತಂತಿಗೆ ೨೨ ಕಾಲು, ದೊಡ್ಡದಕ್ಕೆ ೧೫೦ ಕಾಲು ಆಗುತ್ತದೆ. ಎರಡನೆಯದು ಮೊದಲನೆಯದರ ಸುಮಾರು ಆರು ಮುಕ್ಕಾಲು ಪಟ್ಟು. ೩೨೭ನ್ನು ೪೮ವರೆಯಿಂದ ಭಾಗಿಸಿದರೂ ಆರು ಮುಕ್ಕಾಲೇ ಬರುತ್ತದೆ. ಅಡ್ಡಿಯು ಎಷ್ಟು ಪಟ್ಟು ಹೆಚ್ಚಿತೋ ಪ್ರವಾಹವು ಅಷ್ಟೇ ಪಟ್ಟು ಕುಗ್ಗಿತು. ಹಿಂದಿನ ವರ್ಷ ತಾನೇ ಪ್ರಕಟಿಸಿದ್ದ ಸೂತ್ರವನ್ನು ಓಮನು ಕೈಬಿಟ್ಟು, ಈ ಹೊಸ ನಿಯಮವನ್ನು ಪ್ರಕಟಿಸಿದನು. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದಕ್ಕೆ ಅವನು ನಾಚಲಿಲ್ಲ.

ಈ ನಿಯಮವನ್ನು ಇಂದಿನ ಮಾತಿನಲ್ಲಿ ಹೀಗೆ ಹೇಳಬಹುದು. ಕೆರೆಯ ನೀರು ತೂಬಿನಿಂದ ಹೊರಡುವುದು ನೀರಿನ ಮಟ್ಟದ ಎತ್ತರದಿಂದ. ವಿದ್ಯುತ್ತಿನಲ್ಲಿ ಈ ಎತ್ತರಕ್ಕೆ ಒತ್ತಡವೆಂದು ಹೆಸರು, ಅದರ ಅಳತೆ ವೋಲ್ಟ್. ಕಾಲುವೆಯಲ್ಲಿ ಹರಿಯುವ ನೀರಿನಂತೆ ತಂತಿಯಲ್ಲಿ ಹರಿಯುವುದು ಪ್ರವಾಹ. ಅದರ ಅಳತೆ ಆಂಪೇರ್. ಕಾಲುವೆ ಕಿರಿದಾಗಿ ಉದ್ದವಾಗಿದ್ದರೆ ನೀರು ತಡೆಯುವಂತೆ, ತಂತಿಯು ತೆಳ್ಳಗೆ ಉದ್ದವಾಗಿದ್ದರೆ ವಿದ್ಯುತ್ತು ತಡೆಯುತ್ತದೆ. ಈ ತಡೆಯೇ ರೋಧ. ಒತ್ತಡವನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ಲೋಹದ ತಂತಿಯ ಬಿಸಿ ಬದಲಾಗದೆ ಇರುವವರೆಗೆ ಈ ನಿಯಮ ಚೆನ್ನಾಗಿ ನಿಲ್ಲುತ್ತದೆ. ಬಿಸಿ ಏರಿದಂತೆ ಲೋಹದ ರೋಧವೂ ಏರುತ್ತದೆ.

ಇಷ್ಟು ಸರಳವಾದ ಮಾತನ್ನು ಲೋಕವು ಕೂಡಲೆ ತಲೆಯ ಮೇಲಿಟ್ಟುಕೊಂಡಿತೆಂದು ಯಾರಾದರೂ ಎಣಿಸಿಯಾರು. ನಡೆದುದು ಬೇರೆ. ಓಮನು ಅರ್ಧ ಸಂಬಳದ ಮೇಲೆ ಒಂದು ವರ್ಷದ ರಜೆ ಪಡೆದು, ಬರ್ಲಿನ್ನಿನಲ್ಲಿ ತಮ್ಮನ ಮನೆಯಲ್ಲಿದ್ದುಕೊಂಡು, ತನ್ನ ಸಿದ್ಧಾಂತವನ್ನೆಲ್ಲ ಗಣಿತಬದ್ಧವಾಗಿ ನಿರೂಪಿಸುವ ಗ್ರಂಥವೊಂದನ್ನು ೧೮೨೭ರಲ್ಲಿ ಹೊರತಂದನು. ಬಿಸಿಯು ಲೋಹದಲ್ಲಿ ಹರಿಯುವ ರೀತಿಯನ್ನು ಫ್ರಾನ್ಸಿನ ಫೂರಿಯೆ ಲೆಕ್ಕಕ್ಕೆ ತಂದಿದ್ದ ಮಾರ್ಗವೇ ಅವನಿಗೆ ಮೇಲ್ಪಂಕ್ತಿಯಾಗಿತ್ತು. ಈ ಗ್ರಂಥದ ಬಲದಿಂದ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯುವುದೆಂದು ಅವನು ನಂಬಿದ್ದನು. ಬಾಗಿಲು ತೆರೆಯಲಿಲ್ಲ. ಅಂದಿನ ಜರ್ಮನಿಯ ಭೌತಶಾಸ್ತ್ರಜ್ಞರಲ್ಲಿ ಅನೇಕರಿಗೆ ಗಣಿತದ ಈ ದಾರಿ ಒಗ್ಗಿರಲಿಲ್ಲ. ಗ್ರಂಥವು ಓದುವವರಿಗೆ ಕಠಿಣವಾಗಿಯೂ ಇತ್ತು. ಬರ್ಲಿನ್ನಿನ ವಿಮರ್ಶಕನೊಬ್ಬನು ಅದನ್ನು ನಿಷ್ಠುರವಾಗಿ ತಳ್ಳಿಹಾಕಿದನು. ಮನನೊಂದ ಓಮನು ೧೮೨೮ರಲ್ಲಿ ಕಲೋನಿನ ಹುದ್ದೆಗೆ ರಾಜೀನಾಮೆ ಕೊಟ್ಟನು. ಮುಂದಿನ ಐದು ವರ್ಷಗಳ ಕಾಲ ಬರ್ಲಿನ್ನಿನಲ್ಲಿ ವಾರಕ್ಕೆ ಕೆಲವೇ ಗಂಟೆಗಳ ಗಣಿತದ ಪಾಠ ಹೇಳಿ ಬದುಕಿದನು. ಆಗ ಅವನು ನಲವತ್ತರ ಆಸುಪಾಸಿನವನು. ಹಿಡಿದ ಹುದ್ದೆ ಹೋಗಿತ್ತು. ಬಯಸಿದ ಹುದ್ದೆ ಬಂದಿರಲಿಲ್ಲ.

ಆದರೂ ನಿಯಮವು ಸುಮ್ಮನೆ ಕುಳಿತಿರಲಿಲ್ಲ. ಲೈಪ್ಜಿಗ್ ನಗರದ ಫೆಕ್ನರ್ ತಾನೇ ಪ್ರಯೋಗಗಳನ್ನು ನಡೆಸಿ ಓಮನ ಮಾತು ನಿಜವೆಂದು ಕಂಡನು. ಫ್ರಾನ್ಸಿನ ಪೂಯೆ ಬೇರೆ ದಾರಿಯಿಂದ ಅದೇ ಫಲಕ್ಕೆ ಬಂದನು. ೧೮೩೩ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಯಲ್ಲಿ ಓಮನಿಗೆ ಕೆಲಸ ದೊರೆಯಿತು. ಮುಂದೆ ಅದರ ಮುಖ್ಯಸ್ಥನೂ ಆದನು. ಕೊನೆಗೆ ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ತನ್ನ ಅತ್ಯುನ್ನತವಾದ ಕಾಪ್ಲಿ ಪದಕವನ್ನು ಅವನಿಗೆ ಕೊಟ್ಟು ಗೌರವಿಸಿತು. ಗ್ರಂಥ ಹೊರಬಂದು ಹದಿನಾಲ್ಕು ವರ್ಷಗಳಾಗಿದ್ದವು. ಸ್ವದೇಶದವರು ಹೊರನಾಡಿನವರ ಮೆಚ್ಚಿಕೆಯನ್ನು ನೋಡಿ ಕಣ್ತೆರೆದರು. ೧೮೪೯ರಲ್ಲಿ ಅವನನ್ನು ಮ್ಯೂನಿಕ್ ನಗರಕ್ಕೆ ಕರೆಸಿಕೊಂಡರು. ೧೮೫೨ರಲ್ಲಿ, ಅರುವತ್ತಮೂರನೆಯ ವಯಸ್ಸಿನಲ್ಲಿ, ಅಲ್ಲಿಯ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪೀಠವು ಅವನದಾಯಿತು. ಯೌವನದ ಬಯಕೆ ಮುಪ್ಪಿನಲ್ಲಿ ನೆರವೇರಿತು. ಅದನ್ನು ಅನುಭವಿಸಿದುದು ಎರಡೇ ವರ್ಷ. ೧೮೫೪ರ ಜುಲೈ ೬ರಂದು ಓಮನು ಕಾಲವಾದನು.

ಅದೇ ೧೮೪೧ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್, ತಂತಿಯಲ್ಲಿ ಹುಟ್ಟುವ ಬಿಸಿಯ ಲೆಕ್ಕವನ್ನು ಪ್ರಕಟಿಸಿದ್ದನು. ಪ್ರವಾಹವನ್ನು ಪ್ರವಾಹದಿಂದಲೇ ಗುಣಿಸಿ, ಬಂದುದನ್ನು ರೋಧದಿಂದ ಗುಣಿಸಿದರೆ, ಕ್ಷಣಕ್ಷಣವೂ ಬಿಸಿಯಾಗಿ ವ್ಯಯವಾಗುವ ಸಾಮರ್ಥ್ಯ ದೊರೆಯುತ್ತದೆ. ಸಾಮರ್ಥ್ಯದ ಅಳತೆ ವಾಟ್. ಒತ್ತಡವನ್ನು ಪ್ರವಾಹದಿಂದ ಗುಣಿಸಿದರೂ ಅದೇ ಬರುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಅದರ ಮೇಲೆ ೨೩೦ ವೋಲ್ಟ್, ೧೦೦೦ ವಾಟ್ ಎಂದು ಬರೆದಿದ್ದರೆ, ಪ್ರವಾಹವು ಸಾವಿರವನ್ನು ೨೩೦ರಿಂದ ಭಾಗಿಸಿದಾಗ ಬರುವ ಸುಮಾರು ೪.೩೫ ಆಂಪೇರ್, ರೋಧವು ೨೩೦ನ್ನು ೪.೩೫ರಿಂದ ಭಾಗಿಸಿದಾಗ ಬರುವ ಸುಮಾರು ೫೩ ಓಮ್. ಸಂಜೆಯ ಹೊತ್ತು ಒತ್ತಡವು ೨೦೦ ವೋಲ್ಟಿಗೆ ಇಳಿಯಿತೆನ್ನಿ. ಪ್ರವಾಹವೂ ಇಳಿದು, ಸಾಮರ್ಥ್ಯವು ಸುಮಾರು ೭೫೬ ವಾಟಿಗೆ ಬೀಳುತ್ತದೆ. ಒತ್ತಡ ಎಂಟನೆಯ ಒಂದು ಪಾಲಿನಷ್ಟು ಕುಗ್ಗಿದರೆ ಬಿಸಿ ಕಾಲುಭಾಗದಷ್ಟು ಕುಗ್ಗುತ್ತದೆ. ಪೆಟ್ಟಿಗೆಯನ್ನು ಬೈದು ಫಲವಿಲ್ಲ.

ಹೊಲದಲ್ಲಿ ಇದರ ಪೆಟ್ಟು ಇನ್ನೂ ಬಿರುಸು. ಕಲ್ಯಾಣದುರ್ಗದ ಕಡೆಯ ಒಬ್ಬ ರೈತನು ವಿದ್ಯುತ್ಕಂಬದಿಂದ ನೂರು ಮೀಟರ್ ದೂರದ ಬಾವಿಗೆ, ಹಣ ಉಳಿಯಲೆಂದು, ಒಂದೂವರೆ ಚದರ ಮಿಲಿಮೀಟರಿನ ತೆಳುವಾದ ತಾಮ್ರದ ತಂತಿಯನ್ನು ಎಳೆದನೆಂದು ಭಾವಿಸೋಣ. ಹೋಗಿಬರುವ ತಂತಿ ಸೇರಿ ಇನ್ನೂರು ಮೀಟರ್. ಅದರ ರೋಧ ಸುಮಾರು ೨.೩ ಓಮ್. ಪಂಪಿನ ಮೋಟಾರು ೭ ಆಂಪೇರ್ ಎಳೆದರೆ ತಂತಿಯಲ್ಲಿಯೇ ೧೬ ವೋಲ್ಟ್ ಕಳೆದುಹೋಗುತ್ತದೆ. ೧೧೩ ವಾಟ್ ಬರಿದೆ ಬಿಸಿಯಾಗುತ್ತದೆ. ಹೊರಡುವ ಗಳಿಗೆಯಲ್ಲಿ ಮೋಟಾರು ಇದರ ಹಲವು ಪಟ್ಟು ಎಳೆಯುತ್ತದೆ. ೩೫ ಆಂಪೇರ್ ಎಳೆದರೆ ತಂತಿಯು ೮೦ ವೋಲ್ಟನ್ನು ನುಂಗುತ್ತದೆ. ಆಗ ಮೋಟಾರು ತಿರುಗಲಾರದೆ ನರಳಿ, ಸುರುಳಿ ಸುಟ್ಟು, ರಿಪೇರಿಯ ಅಂಗಡಿಗೆ ಹೊರಡುತ್ತದೆ. ನಾಲ್ಕು ಚದರ ಮಿಲಿಮೀಟರಿನ ತಂತಿಯನ್ನು ಹಾಕಿದ್ದರೆ ರೋಧವು ಒಂದು ಓಮಿಗೂ ಕಡಮೆಯಾಗಿ, ನಷ್ಟವೆಲ್ಲ ಮೂರನೆಯ ಒಂದು ಪಾಲಿಗೆ ಹತ್ತಿರ ಇಳಿಯುತ್ತಿತ್ತು. ಮಳೆಯನ್ನೇ ನಂಬಲಾರದ ಸೀಮೆಯಲ್ಲಿ ಒಂದು ಮೋಟಾರು ಸುಡುವುದೆಂದರೆ ಒಂದು ಬೆಳೆ ಒಣಗುವುದೆಂದೇ ಅರ್ಥ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕಾಗದದ ತುಂಡಿನ ಮೇಲೆ ಮಾಡಬಹುದಾದ ಭಾಗಾಕಾರವು ಆ ಬೆಳೆಯನ್ನು ಉಳಿಸಬಲ್ಲುದು.

ಮನೆಯ ತಂತಿಗೆ ಸಲ್ಲುವ ಲೆಕ್ಕವೇ ನಾಡಿನ ತಂತಿಗೂ ಸಲ್ಲುತ್ತದೆ. ಓಮನು ಕಾಲವಾದ ೪೮ ವರ್ಷಗಳ ಬಳಿಕ, ೧೯೦೨ರಲ್ಲಿ, ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಕೈಗೊಂಡು, ಜೋಲಿ ಡಿ ಲೋಟ್ಬಿನಿಯೆರ್ ಎಂಬ ಇಂಜಿನಿಯರು ನಿರ್ವಹಿಸಿದ ಕಾರ್ಯವದು. ದೂರ ಸುಮಾರು ೧೪೭ ಕಿಲೋಮೀಟರ್. ಒತ್ತಡ ಸುಮಾರು ೩೫,೦೦೦ ವೋಲ್ಟ್. ಇಷ್ಟೊಂದು ಒತ್ತಡವೇಕೆ? ಸರಳವಾದ ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಓಮ್ ರೋಧವುಳ್ಳ ತಂತಿಯಲ್ಲಿ ೧೦೦೦ ಕಿಲೋವಾಟನ್ನು ೧೦೦೦ ವೋಲ್ಟಿನಲ್ಲಿ ಕಳುಹಿಸಹೊರಟರೆ ಪ್ರವಾಹ ೧೦೦೦ ಆಂಪೇರ್. ಆಗ ತಂತಿಯೇ ೧೦೦೦ ಕಿಲೋವಾಟನ್ನೂ ತಿಂದುಬಿಡುತ್ತದೆ, ಆಚೆಗೆ ಏನೂ ಮುಟ್ಟುವುದಿಲ್ಲ. ಒತ್ತಡವನ್ನು ಹತ್ತು ಪಟ್ಟು ಮಾಡಿದರೆ ಪ್ರವಾಹ ೧೦೦ ಆಂಪೇರ್. ನಷ್ಟ ೧೦ ಕಿಲೋವಾಟ್ ಮಾತ್ರ. ಈ ಲೆಕ್ಕವನ್ನು ಅರಿಯದವರು ಶಿವನಸಮುದ್ರದ ತಂತಿಯನ್ನು ಎಳೆಯಲಾಗುತ್ತಿರಲಿಲ್ಲ. ನಮ್ಮ ಎರಡು ಊರುಗಳ ನಡುವಣ ಪಾವಗಡದ ಸೀಮೆಯಲ್ಲಿ ಸುಮಾರು ೧೩,೦೦೦ ಎಕರೆಯಲ್ಲಿ ಹರಡಿರುವ ಸೌರ ಉದ್ಯಾನವು ೨೦೧೯ರ ಕೊನೆಗೆ ಪೂರ್ಣಗೊಂಡಿತು. ಬಿಸಿಲಿನಿಂದ ಹುಟ್ಟುವ ಅಲ್ಲಿಯ ೨,೦೦೦ ಮೆಗಾವಾಟಿಗೂ ಮೀರಿದ ಸಾಮರ್ಥ್ಯವು ದೂರದ ಊರುಗಳನ್ನು ಸೇರುವುದೂ ಇದೇ ಕಟ್ಟಳೆಯ ಮೇರೆಗೆ.

೧೮೮೧ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಅಳತೆಗೆ ಓಮ್ ಎಂಬ ಹೆಸರನ್ನು ಸ್ಥಿರಪಡಿಸಿತು. ಒಂದು ಕಾಲಕ್ಕೆ ಕೆಲವೇ ಗಂಟೆಗಳ ಪಾಠಕ್ಕಾಗಿ ಅಲೆದವನ ಹೆಸರು ಈಗ ಲೋಕದ ಎಲ್ಲ ಭಾಷೆಗಳ ಮಕ್ಕಳ ಬಾಯಲ್ಲಿದೆ. ಅವನು ಪಾಠ ಹೇಳಿದ ನ್ಯೂರೆಂಬರ್ಗಿನ ಶಾಲೆಯ ಪರಂಪರೆಯ ವಿದ್ಯಾಸಂಸ್ಥೆಯೂ ಅವನ ಹೆಸರನ್ನು ಧರಿಸಿದೆ.

ಈ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಬಹುವಾಗಿ ಸೆಳೆದುದು ಪದಕವಲ್ಲ, ಪೀಠವಲ್ಲ. ರಾತ್ರಿ ದೀಪದ ಮುಂದೆ ಮಕ್ಕಳನ್ನು ಕೂರಿಸಿಕೊಂಡು, ತಾನು ಕಲಿತ ಗಣಿತವನ್ನು ಮನೆಮಾತಿನಲ್ಲಿ ಹೇಳಿಕೊಟ್ಟ ಆ ಬೀಗದ ಕಸುಬಿನ ತಂದೆ. ನಮ್ಮ ಕುಟುಂಬಗಳಲ್ಲಿಯೂ ಮಕ್ಕಳು ಕನ್ನಡದಲ್ಲಿ ಓದಿದ ನಿಯಮವನ್ನು ಕನ್ನಡದಲ್ಲಿಯೇ ತಂದೆತಾಯಿಗಳಿಗೆ ವಿವರಿಸಲಿ. ತಂದೆತಾಯಿಗಳು ಮನೆಯ ಇಸ್ತ್ರಿಪೆಟ್ಟಿಗೆಯ ಮೇಲಿನ ಅಂಕೆಗಳನ್ನೂ ಹೊಲದ ತಂತಿಯ ಉದ್ದವನ್ನೂ ಅವರ ಮುಂದಿಟ್ಟು ಲೆಕ್ಕ ಕೇಳಲಿ. ಮೊದಲ ಉತ್ತರ ತಪ್ಪಾದರೆ ಅಂಜಬೇಕಾದುದಿಲ್ಲ. ಓಮನ ಮೊದಲ ಸೂತ್ರವೂ ತಪ್ಪಾಗಿತ್ತು. ಅವನಂತೆ ಮತ್ತೊಮ್ಮೆ ಅಳೆಯುವ ತಾಳ್ಮೆ ನಮ್ಮ ಮಕ್ಕಳಿಗೆ ಉಂಟಾಗಲೆಂದು ಹಾರೈಸಿ ಈ ಜೀವನವೃತ್ತವನ್ನು ಮುಗಿಸುತ್ತೇವೆ.